ಒಂದೇ ಮದ್ದು ಸಾಲದ ರೋಗ

ಚೆನ್ನೈ ಬೀಚ್‌ನಿಂದ ತಾಂಬರಂ ಕಡೆಗೆ ಹೋಗುವ ಎಲೆಕ್ಟ್ರಿಕ್ ರೈಲಿನಲ್ಲಿ ಕ್ರೋಂಪೇಟೆ ದಾಟಿದ ಮೇಲೆ ಒಂದು ಪುಟ್ಟ ನಿಲ್ದಾಣ ಬರುತ್ತದೆ. ಹೆಸರು 'ತಾಂಬರಂ ಸ್ಯಾನಟೋರಿಯಂ'. ವರ್ಗಾವಣೆಯ ಮೇಲೆ ಚೆನ್ನೈಗೆ ಹೋದ ಮೊದಲ ವರ್ಷ ನಾನು ದಿನವೂ ಆ ಹಲಗೆಯನ್ನು ಓದುತ್ತಿದ್ದೆ. ಊರಿಗೆ, ಕೆರೆಗೆ, ದೇವಸ್ಥಾನಕ್ಕೆ ನಿಲ್ದಾಣಗಳಿರುವುದು ಸಹಜ. ಒಂದು ಕಾಯಿಲೆಯ ಆರೋಗ್ಯಧಾಮ ನಿಲ್ದಾಣದ ಹೆಸರಾಗಿ ಉಳಿಯಬೇಕಾದರೆ ಆ ಕಾಯಿಲೆ ಎಷ್ಟು ಜನರನ್ನು ಆ ದಾರಿಯಲ್ಲಿ ಕರೆದೊಯ್ದಿರಬೇಕು! ಜತೆಗೆ ಕೂರುತ್ತಿದ್ದ ಸಹೋದ್ಯೋಗಿಗಳು ಆ ಹೆಸರನ್ನು ಗಮನಿಸುವುದನ್ನೇ ಬಿಟ್ಟಿದ್ದರು. ನನಗೆ ಬಿಡಲಾಗಲಿಲ್ಲ. ಅದಕ್ಕೆ ಕಾರಣ ನಮ್ಮ ಮನೆಯ ಒಂದು ಹಳೆಯ ಮಾತು.

ನನ್ನ ಅಜ್ಜನ ತಮ್ಮ ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಹೋಗಿ ಮಾಟುಂಗದ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಅಲ್ಲಿ ಕ್ಷಯ ಹಿಡಿಯಿತು. ಇಂಜಕ್ಷನ್ ತೆಗೆದುಕೊಂಡರು, ಜ್ವರ ಬಿಟ್ಟಿತು, ಮೈ ತುಂಬಿಕೊಂಡಿತು, ಮತ್ತೆ ಕೆಲಸಕ್ಕೆ ಹತ್ತಿದರು. ಎರಡು ವರ್ಷ ಕಳೆದು ಕಾಯಿಲೆ ಮರಳಿತು. ಆಗ ಅದೇ ಇಂಜಕ್ಷನ್ ಏನೂ ಮಾಡಲಿಲ್ಲ. ಊರಿಗೆ ಬಂದು 1961ರ ಮಳೆಗಾಲದಲ್ಲಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತಾರು ವರ್ಷ. ನಾನು ಕಂಡದ್ದು ಅವರ ಒಂದು ಫೋಟೋ ಮಾತ್ರ. ಅವರ ಬಗ್ಗೆ ಅಜ್ಜಿ ಹೇಳುತ್ತಿದ್ದುದು ಒಂದೇ ವಾಕ್ಯ: "ಮದ್ದು ಸಮಾ ಮಾಡ್ಲಿಲ್ಲ, ಹೋದ." ಅದರಲ್ಲಿ ದುಃಖವಿತ್ತು, ದೂರೂ ಇತ್ತು. ತಪ್ಪು ಸತ್ತವನದೇ ಎಂಬ ತೀರ್ಪಂತೂ ಖಂಡಿತ ಇತ್ತು.

ಈ ತೀರ್ಪು ಸರಿಯೇ ಎಂದು ಕೇಳಿಕೊಳ್ಳುವುದಕ್ಕೆ ನನಗೆ ನಲವತ್ತು ದಾಟಬೇಕಾಯಿತು. ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ಕ್ಷಯದ ಔಷಧಗಳ ಚರಿತ್ರೆ. ಔಷಧಕ್ಕೆ ಮಣಿಯದ ರೋಗಾಣುಗಳ ಚರಿತ್ರೆಯೂ ಅದೇ ಆಗಿದೆ.

ಕ್ಷಯ ಹಳೆಯ ರೋಗ. ನಮ್ಮ ವೈದ್ಯಗ್ರಂಥಗಳು ಅದನ್ನು ರಾಜಯಕ್ಷ್ಮ ಎಂದವು. ದಕ್ಷನ ಶಾಪದಿಂದ ಚಂದ್ರನಿಗೇ ತಗುಲಿದ ಕಾಯಿಲೆ ಎಂದು ಪುರಾಣ ಕಥೆ ಕಟ್ಟಿತು. ಅರಮನೆಗಳನ್ನೂ ಅದು ಬಿಡಲಿಲ್ಲ. ಮೈಸೂರಿನ ಹಳೆಯ ಕ್ಷಯರೋಗ ಆಸ್ಪತ್ರೆಗೆ ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿರುವುದು ಆಕೆಯನ್ನು ಈ ರೋಗ ಕೊಂಡೊಯ್ದುದರಿಂದ. ರೋಬರ್ಟ್ ಕಾಖ್ 1882ರಲ್ಲಿ ಬರ್ಲಿನ್ನಿನಲ್ಲಿ ಇದರ ರೋಗಾಣುವನ್ನು ತೋರಿಸಿಕೊಟ್ಟ ನಂತರವೂ ಅರವತ್ತು ವರ್ಷ ವೈದ್ಯರ ಕೈಯಲ್ಲಿ ಇದ್ದದ್ದು ವಿಶ್ರಾಂತಿ, ಒಳ್ಳೆಯ ಗಾಳಿ, ಒಳ್ಳೆಯ ಊಟ ಮತ್ತು ಕೆಲವು ಕಠಿಣ ಶಸ್ತ್ರಚಿಕಿತ್ಸೆಗಳಷ್ಟೇ. ತಾಂಬರಂನಂಥ ಆರೋಗ್ಯಧಾಮಗಳು ಹುಟ್ಟಿದ್ದು ಆ ಕಾಲದಲ್ಲಿ.

ಪೆನಿಸಿಲಿನ್ ಬಂದಾಗ ಕ್ಷಯರೋಗಿಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಕ್ಷಯದ ರೋಗಾಣುವಿಗೆ ಮೇಣದಂಥ ದಪ್ಪ ಹೊದಿಕೆಯಿದೆ. ಅದು ನಿಧಾನವಾಗಿ ಬೆಳೆಯುತ್ತದೆ, ಅವಿತು ಕೂರಬಲ್ಲುದು. ಅದಕ್ಕೆ ತಕ್ಕ ಮದ್ದು ಸಿಕ್ಕಿದ್ದು 1943ರಲ್ಲಿ, ಅಮೆರಿಕದ ನ್ಯೂಜರ್ಸಿಯ ರಟ್ಗರ್ಸ್‌ನಲ್ಲಿ. ಮಣ್ಣಿನ ಸೂಕ್ಷ್ಮಜೀವಿಗಳನ್ನು ಅಭ್ಯಾಸ ಮಾಡುತ್ತಿದ್ದ ಸೆಲ್ಮನ್ ವಾಕ್ಸ್‌ಮನ್ನರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ಯುವ ಸಂಶೋಧನ ವಿದ್ಯಾರ್ಥಿ ಸ್ಟ್ರೆಪ್ಟೊಮೈಸಿನ್ನನ್ನು ಬೇರ್ಪಡಿಸಿದ. ಮುಂದೆ ಗುರುಶಿಷ್ಯರು ನ್ಯಾಯಾಲಯದ ಮೆಟ್ಟಿಲೇರಿದರು. 1952ರ ನೊಬೆಲ್ ಗುರುವಿಗೆ ಮಾತ್ರ ಬಂತು. ಆ ಜಗಳ ಇಲ್ಲಿ ಬೇಡ. ಕ್ಷಯದ ರೋಗಾಣುವನ್ನು ಕೊಲ್ಲುವ ಮೊದಲ ಆಂಟಿಬಯಾಟಿಕ್ ಮನುಷ್ಯನ ಕೈಗೆ ಬಂದಿತ್ತು ಎಂಬುದಷ್ಟೇ ನಮಗೆ ಮುಖ್ಯ.

ಯುದ್ಧದಿಂದ ಬರಿದಾಗಿದ್ದ ಬ್ರಿಟನ್ನಿಗೆ ಅಮೆರಿಕದಿಂದ ಸಿಕ್ಕಿದ್ದು ಈ ಔಷಧದ ಒಂದಿಷ್ಟು ಪಾಲು ಮಾತ್ರ. ಎಲ್ಲರಿಗೂ ಕೊಡಲು ಸಾಲದು. ಹಾಗಾದರೆ ಯಾರಿಗೆ ಕೊಡಬೇಕು? ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿ ಆ ಕೊರತೆಯನ್ನೇ ಒಂದು ಪ್ರಯೋಗದ ಅವಕಾಶವನ್ನಾಗಿ ಮಾಡಿಕೊಂಡಿತು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅದರ ರೂಪರೇಖೆ ಹಾಕಿದರು. 107 ರೋಗಿಗಳು, ಮೊಹರು ಮಾಡಿದ ಲಕೋಟೆಯೊಳಗಿನ ಚೀಟಿ ಹೇಳಿದಂತೆ 55 ಜನರಿಗೆ ಸ್ಟ್ರೆಪ್ಟೊಮೈಸಿನ್ ಮತ್ತು ವಿಶ್ರಾಂತಿ, 52 ಜನರಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಔಷಧ ಪಡೆದವರಲ್ಲಿ ಸತ್ತವರು 4, ಪಡೆಯದವರಲ್ಲಿ 14. 1948ರ ಅಕ್ಟೋಬರಿನಲ್ಲಿ ಪ್ರಕಟವಾದ ಈ ವರದಿ ಇಂದಿಗೂ ವೈದ್ಯಕೀಯ ಪ್ರಯೋಗಗಳ ಮಾದರಿಯೆಂದು ಹೆಸರಾಗಿದೆ.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಔಷಧ ಪಡೆದವರಲ್ಲಿ ಅನೇಕರು ಮೊದಲ ಕೆಲವು ತಿಂಗಳು ಚೇತರಿಸಿಕೊಂಡು ಆಮೇಲೆ ಮತ್ತೆ ಕುಸಿಯತೊಡಗಿದರು. ಅವರ ಕಫದಲ್ಲಿ ಸಿಕ್ಕ ರೋಗಾಣುಗಳಲ್ಲಿ ಹೆಚ್ಚಿನವು ಸ್ಟ್ರೆಪ್ಟೊಮೈಸಿನ್ನಿಗೆ ಬಗ್ಗುವುದನ್ನು ನಿಲ್ಲಿಸಿದ್ದವು. ಐದು ವರ್ಷಗಳ ನಂತರ ಲೆಕ್ಕ ಹಾಕಿದಾಗ ಎರಡೂ ಗುಂಪುಗಳ ಸಾವಿನ ನಡುವೆ ಉಳಿದಿದ್ದ ಅಂತರ ಚಿಕ್ಕದು. ಈ ರೋಗಿಗಳೆಲ್ಲ ಆಸ್ಪತ್ರೆಯ ಮಂಚದ ಮೇಲಿದ್ದವರು. ದಾದಿಯರು ಗಂಟೆ ನೋಡಿ ಸೂಜಿ ಚುಚ್ಚುತ್ತಿದ್ದರು. ಒಬ್ಬರೂ 'ಮದ್ದು ಸಮಾ ಮಾಡದವರು' ಅಲ್ಲ. ಔಷಧ ನಿರೋಧ ಎಂಬುದು ಈ ಚರಿತ್ರೆಯಲ್ಲಿ ಮೊದಲು ಕಾಣಿಸಿಕೊಂಡದ್ದೇ ಅತ್ಯಂತ ಶಿಸ್ತಿನ ವಾರ್ಡುಗಳಲ್ಲಿ ಎಂಬುದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಇಂಗ್ಲಿಷ್ ಸಾಹಿತ್ಯ ಓದಿದವನಿಗೆ ಆ 1948ನೆಯ ಇಸವಿ ಇನ್ನೊಂದು ಕಾರಣಕ್ಕೂ ನೆನಪಿರುತ್ತದೆ. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಜಾರ್ಜ್ ಆರ್ವೆಲ್ ಆ ವರ್ಷದ ಆರಂಭದಲ್ಲಿ ಸ್ಕಾಟ್ಲೆಂಡಿನ ಹೇರ್‌ಮೈರ್ಸ್ ಆಸ್ಪತ್ರೆಯಲ್ಲಿದ್ದ. ಗೆಳೆಯ ಡೇವಿಡ್ ಆಸ್ಟರ್ ಅಮೆರಿಕದಿಂದ ಸ್ಟ್ರೆಪ್ಟೊಮೈಸಿನ್ ತರಿಸಿಕೊಟ್ಟ. ಆರ್ವೆಲ್ಲನ ಮೈಗೆ ಅದು ಒಗ್ಗಲಿಲ್ಲ. ಚರ್ಮ ಸುಲಿಯಿತು, ಬಾಯಿ ಹುಣ್ಣಾಯಿತು, ಕೂದಲು ಉದುರಿತು, ಉಗುರು ಕಿತ್ತುಬಂದವು. ಕೆಲವು ವಾರಗಳಲ್ಲೇ ನಿಲ್ಲಿಸಬೇಕಾಯಿತು. ಉಳಿದ ಔಷಧ ಬೇರೆ ರೋಗಿಗಳ ಪಾಲಾಯಿತು. ಆತ ಎದ್ದು ಹೋಗಿ ಜೂರಾ ದ್ವೀಪದಲ್ಲಿ '1984' ಕಾದಂಬರಿಯನ್ನು ಮುಗಿಸಿದ. 1950ರ ಜನವರಿಯಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ರಕ್ತ ಕಾರಿ ಸತ್ತ. ಎಂ.ಎ. ತರಗತಿಯಲ್ಲಿ ಕೀಟ್ಸ್‌ನ ಕ್ಷಯವನ್ನು ಕಾವ್ಯದ ಭಾಗವೆಂಬಂತೆ ಓದಿದ್ದ ನನಗೆ ಆರ್ವೆಲ್ಲನ ಸಾವು ಬೇರೆ ಬಗೆಯಲ್ಲಿ ತಟ್ಟಿತು. ಕೀಟ್ಸ್ ಸತ್ತದ್ದು ಮದ್ದಿಲ್ಲದ ಕಾಲದಲ್ಲಿ. ಆರ್ವೆಲ್ ಸತ್ತದ್ದು ಮದ್ದು ಬಂದ ಮೇಲೆ. ಅವನ ಪಾಲಿಗೆ ಆಗ ಅದೊಂದೇ ಮದ್ದು ಇತ್ತು.

ಒಂದೇ ಮದ್ದು ಏಕೆ ಸೋಲುತ್ತದೆ? ಇದಕ್ಕೆ ವಿವರಣೆ ಸರಳ ಲೆಕ್ಕದಲ್ಲಿದೆ. ರೋಗಾಣುಗಳು ದ್ವಿಗುಣಗೊಳ್ಳುತ್ತ ಹೋದಂತೆ ಅವುಗಳ ವಂಶವಾಹಿಯಲ್ಲಿ ಆಗೀಗ ಪ್ರತಿ ಮಾಡುವಾಗಿನ ತಪ್ಪುಗಳು ಬೀಳುತ್ತವೆ. ಅಂಥ ತಪ್ಪೊಂದು ಅಕಸ್ಮಾತ್ತಾಗಿ ರೋಗಾಣುವಿಗೆ ಔಷಧದಿಂದ ಪಾರಾಗುವ ಶಕ್ತಿಯನ್ನು ಕೊಡುತ್ತದೆ. ಇದು ಔಷಧ ಬರುವ ಮುಂಚೆಯೇ ನಡೆದಿರುತ್ತದೆ. ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬ ವಿಜ್ಞಾನಿಗಳು ಇಂಥ ಬದಲಾವಣೆಗಳು ಮೊದಲೇ ಆಗಿರುತ್ತವೆ ಎಂದು ಬ್ಯಾಕ್ಟೀರಿಯಗಳಲ್ಲಿ ತೋರಿಸಿಕೊಟ್ಟದ್ದು ಕೂಡ 1943ರಲ್ಲೇ, ಸ್ಟ್ರೆಪ್ಟೊಮೈಸಿನ್ ಸಿಕ್ಕ ವರ್ಷದಲ್ಲೇ. ಕ್ಷಯದ ರೋಗಾಣುಗಳಲ್ಲಿ ಒಂದು ಔಷಧವನ್ನು ತಾಳಿಕೊಳ್ಳುವಂಥವು ಸುಮಾರು ಹತ್ತು ಲಕ್ಷಕ್ಕೆ ಒಂದು ಎಂದಿಟ್ಟುಕೊಳ್ಳೋಣ. ರೋಗಿಯ ಶ್ವಾಸಕೋಶದ ಒಂದು ಕುಳಿಯಲ್ಲಿ ಹತ್ತು ಕೋಟಿ ರೋಗಾಣುಗಳಿರಬಹುದು. ಹಾಗಾದರೆ ಮೊದಲ ಸೂಜಿ ಚುಚ್ಚುವ ಮುನ್ನವೇ ಆ ಕುಳಿಯಲ್ಲಿ ನೂರು ರೋಗಾಣುಗಳು ತಯಾರಾಗಿ ಕೂತಿವೆ. ಔಷಧ ಉಳಿದವನ್ನೆಲ್ಲ ಕೊಲ್ಲುತ್ತದೆ. ರೋಗಿಗೆ ಜ್ವರ ಬಿಡುತ್ತದೆ, ಹಸಿವಾಗುತ್ತದೆ. ಖಾಲಿಯಾದ ಹೊಲದಲ್ಲಿ ಆ ನೂರು ಬೆಳೆಯತೊಡಗುತ್ತವೆ.

ಎರಡು ಬೇರೆ ಬೇರೆ ಔಷಧಗಳನ್ನು ಒಟ್ಟಿಗೇ ಕೊಟ್ಟರೆ? ಎರಡನ್ನೂ ತಾಳಬಲ್ಲ ರೋಗಾಣು ಹುಟ್ಟುವ ಸಾಧ್ಯತೆ ಹತ್ತು ಲಕ್ಷವನ್ನು ಹತ್ತು ಲಕ್ಷದಿಂದ ಗುಣಿಸಿದಷ್ಟು ವಿರಳ, ಅಂದರೆ ಒಂದು ಲಕ್ಷ ಕೋಟಿಗೆ ಒಂದು. ಯಾವ ಶ್ವಾಸಕೋಶದ ಕುಳಿಯಲ್ಲೂ ಅಷ್ಟು ರೋಗಾಣುಗಳಿರುವುದಿಲ್ಲ. ಸ್ವೀಡನ್ನಿನ ಯೋರ್ಗನ್ ಲೇಮನ್ ಕಂಡುಹಿಡಿದಿದ್ದ ಪಿ.ಎ.ಎಸ್. ಎಂಬ ಔಷಧವನ್ನು ಸ್ಟ್ರೆಪ್ಟೊಮೈಸಿನ್ ಜತೆ ಸೇರಿಸಿ ಕೊಟ್ಟ ಬ್ರಿಟಿಷ್ ಪ್ರಯೋಗ 1950ರ ಹೊತ್ತಿಗೆ ಇದನ್ನು ರುಜುವಾತುಪಡಿಸಿತು. 1952ರಲ್ಲಿ ಐಸೋನಿಯಜಿಡ್ ಬಂತು. ವಿಚಿತ್ರವೆಂದರೆ, ಅದನ್ನು ಪ್ರಾಗ್ ನಗರದ ರಸಾಯನ ವಿದ್ಯಾರ್ಥಿಗಳು 1912ರಲ್ಲೇ ತಯಾರಿಸಿ ಮರೆತಿದ್ದರು. ಮೂರೂ ಸೇರಿದ ಮೇಲೆ ಕ್ಷಯ ಮೊದಲ ಬಾರಿಗೆ ಖಚಿತವಾಗಿ ವಾಸಿಯಾಗುವ ರೋಗವಾಯಿತು. ಅಂದಿನಿಂದ ವೈದ್ಯರು ಕಲಿತ ಎರಡು ನಿಯಮಗಳಿವೆ: ಕ್ಷಯಕ್ಕೆ ಎಂದೂ ಒಂದೇ ಮದ್ದು ಕೊಡಬೇಡ; ಸೋಲುತ್ತಿರುವ ಚಿಕಿತ್ಸೆಗೆ ಎಂದೂ ಒಂದೇ ಹೊಸ ಮದ್ದನ್ನು ಸೇರಿಸಬೇಡ. ಎರಡನೆಯದನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಅದರ ಮಾತು ಬರುತ್ತದೆ.

ಇಲ್ಲಿಂದ ಕಥೆ ನಮ್ಮ ದೇಶಕ್ಕೆ ಬರುತ್ತದೆ. ಸ್ವಾತಂತ್ರ್ಯದ ಹೊಸತರಲ್ಲಿ ಸರ್ಕಾರ ಎರಡು ಕೆಲಸಗಳನ್ನು ಮಾಡಿತು. ಒಂದು, ಔಷಧ ತಯಾರಿಕೆ. ಪುಣೆಯ ಹತ್ತಿರದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಎಂಬ ಸರ್ಕಾರಿ ಕಾರ್ಖಾನೆ 1954ರಲ್ಲಿ ಸ್ಥಾಪನೆಯಾಗಿ ಮರುವರ್ಷ ಪೆನಿಸಿಲಿನ್ ತಯಾರಿಸತೊಡಗಿತು. ಮುಂದೆ ಸ್ಟ್ರೆಪ್ಟೊಮೈಸಿನ್ನನ್ನೂ ಮಾಡಿತು. ಪಿಂಪ್ರಿಯಲ್ಲಿರುವ ನಮ್ಮ ಓದುಗರಿಗೆ ಒಂದು ಮಾತು ಸಂತೋಷ ಕೊಡಬಹುದು: ಅಲ್ಲಿನ ಸಂಶೋಧನೆಯನ್ನು ಮುನ್ನಡೆಸಿದವರಲ್ಲಿ ಮೈಸೂರು ಸೀಮೆಯ ಶಿಲೀಂಧ್ರತಜ್ಞ ಎಂ. ಜೆ. ತಿರುಮಲಾಚಾರ್ ಒಬ್ಬರು. ಅವರ ತಂಡ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಪಡೆದ ಶಿಲೀಂಧ್ರನಾಶಕ ಔಷಧವೇ ಹ್ಯಾಮೈಸಿನ್. ಆ ಸೂಕ್ಷ್ಮಜೀವಿಗೆ ಇಟ್ಟ ಹೆಸರು 'ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ'. ಊರಿನ ಹೆಸರು ಹೀಗೂ ಉಳಿಯುತ್ತದೆ.

ಎರಡನೆಯ ಕೆಲಸ, ಒಂದು ಪ್ರಶ್ನೆಗೆ ಉತ್ತರ ಹುಡುಕುವುದು. ದೇಶದಲ್ಲಿ ಲಕ್ಷಾಂತರ ಕ್ಷಯರೋಗಿಗಳಿದ್ದರು, ಆರೋಗ್ಯಧಾಮದ ಹಾಸಿಗೆಗಳು ಕೆಲವು ಸಾವಿರ. ಔಷಧವಿದೆ ಎಂದ ಮೇಲೆ ಹಾಸಿಗೆ ಬೇಕೇ? ಇದಕ್ಕಾಗಿ 1956ರಲ್ಲಿ ಮದ್ರಾಸಿನ ಚೆಟ್‌ಪೇಟೆಯಲ್ಲಿ ಕ್ಷಯ ಔಷಧ ಚಿಕಿತ್ಸಾ ಕೇಂದ್ರ ಆರಂಭವಾಯಿತು. ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟಿಷ್ ಮಂಡಳಿ ಇದರಲ್ಲಿ ಕೈಜೋಡಿಸಿದವು. ವ್ಯಾಲೇಸ್ ಫಾಕ್ಸ್ ಎಂಬ ವೈದ್ಯರು ಇದನ್ನು ನಡೆಸಲು ಬ್ರಿಟನ್ನಿನಿಂದ ಬಂದರು. ಮದ್ರಾಸಿನ ಬಡ ಬಡಾವಣೆಗಳ 193 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಅರ್ಧ ಜನ ಆರೋಗ್ಯಧಾಮಕ್ಕೆ, ಅರ್ಧ ಜನ ತಮ್ಮ ಗುಡಿಸಲುಗಳಿಗೆ. ಇಬ್ಬರಿಗೂ ಒಂದು ವರ್ಷ ಐಸೋನಿಯಜಿಡ್ ಮತ್ತು ಪಿ.ಎ.ಎಸ್.

ಆರೋಗ್ಯಧಾಮದವರಿಗೆ ಊಟ ಚೆನ್ನಾಗಿತ್ತು, ವಿಶ್ರಾಂತಿಯಿತ್ತು, ಗಾಳಿಯಿತ್ತು. ಮನೆಯಲ್ಲಿದ್ದವರು ಕಿಕ್ಕಿರಿದ ಕೋಣೆಗಳಲ್ಲಿ ಮಲಗಿ, ಅರೆಹೊಟ್ಟೆ ಉಂಡು, ಅನೇಕರು ಕೆಲಸಕ್ಕೂ ಹೋಗುತ್ತಿದ್ದರು. ವರ್ಷದ ಕೊನೆಗೆ ಎರಡೂ ಗುಂಪುಗಳ ಫಲಿತಾಂಶ ಹತ್ತಿರ ಹತ್ತಿರ ಒಂದೇ ಆಗಿತ್ತು. ಮನೆಯಲ್ಲಿದ್ದ ರೋಗಿಗಳಿಂದ ಮನೆಮಂದಿಗೆ ಹೆಚ್ಚು ಅಪಾಯವಾದದ್ದೂ ಕಾಣಲಿಲ್ಲ. 1959ರಲ್ಲಿ ಪ್ರಕಟವಾದ ಈ ವರದಿ ಪ್ರಪಂಚದಾದ್ಯಂತ ಆರೋಗ್ಯಧಾಮಗಳ ಯುಗಕ್ಕೆ ಮುಕ್ತಾಯ ಹಾಡಿತು. ತಾಂಬರಂ ಸ್ಯಾನಟೋರಿಯಂ ಎಂಬ ಹೆಸರು ಹಲಗೆಯ ಮೇಲೆ ಉಳಿದು, ಅದರ ಹಿಂದಿನ ನಂಬಿಕೆ ಅಳಿದದ್ದಕ್ಕೆ ಕಾರಣ ಅದೇ ರೈಲು ಮಾರ್ಗದಲ್ಲಿ ಹತ್ತಾರು ನಿಲ್ದಾಣ ಆಚೆಗಿರುವ ಚೆಟ್‌ಪೇಟೆಯಲ್ಲಿತ್ತು ಎಂಬುದು ನನಗೆ ತಿಳಿದದ್ದು ಚೆನ್ನೈ ಬಿಟ್ಟ ಮೇಲೆ.

ಮದ್ರಾಸಿನ ಕೇಂದ್ರ ಇನ್ನೂ ಒಂದನ್ನು ಕಂಡುಕೊಂಡಿತು. ಮನೆಯಲ್ಲಿರುವ ರೋಗಿ ನಿಜಕ್ಕೂ ಮಾತ್ರೆ ನುಂಗುತ್ತಿದ್ದಾನೆಯೇ? ಸಿಬ್ಬಂದಿ ಮುನ್ಸೂಚನೆಯಿಲ್ಲದೆ ಮನೆಗಳಿಗೆ ಹೋಗಿ ಉಳಿದ ಮಾತ್ರೆಗಳನ್ನು ಎಣಿಸಿದರು, ಮೂತ್ರ ಪರೀಕ್ಷಿಸಿದರು. ಎಲ್ಲ ವರ್ಗದ, ಎಲ್ಲ ವಿದ್ಯೆಯ ಜನರೂ ಗುಣ ಕಂಡ ಮೇಲೆ ಮಾತ್ರೆ ಬಿಡುತ್ತಾರೆ ಎಂಬುದು ಫಾಕ್ಸ್ ಮತ್ತು ಸಂಗಡಿಗರಿಗೆ ಬೇಗ ಅರ್ಥವಾಯಿತು. ಅವರು ರೋಗಿಯನ್ನು ಬೈಯುವ ಬದಲು ಚಿಕಿತ್ಸೆಯನ್ನು ಬದಲಿಸಿದರು. ದಿನವೂ ಕೊಡುವ ಬದಲು ವಾರಕ್ಕೆ ಎರಡೇ ಬಾರಿ, ಎದುರಿಗೆ ನಿಂತು ಕೊಡುವ ಕ್ರಮವನ್ನು ಪರೀಕ್ಷಿಸಿ ಅದೂ ಫಲಕಾರಿ ಎಂದು 1964ರಲ್ಲಿ ತೋರಿಸಿದರು. ಮುಂದೆ 'ಡಾಟ್ಸ್' ಎಂದು ಪ್ರಪಂಚಕ್ಕೆಲ್ಲ ಪರಿಚಯವಾದ ಪದ್ಧತಿಯ ಬೇರು ಅದು.

ಅತ್ತ ಬೆಂಗಳೂರಿನ ಬಳ್ಳಾರಿ ರಸ್ತೆಯ 'ಅವಲಾನ್' ಎಂಬ ಹಳೆಯ ಬಂಗಲೆಯಲ್ಲಿ 1959ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು ನೆಹರೂ ಉದ್ಘಾಟಿಸಿದರು. ಅಲ್ಲಿ ಕೆಲಸ ಮಾಡಿದ ಡಿ. ಬ್ಯಾನರ್ಜಿ ಮತ್ತು ಡೆನ್ಮಾರ್ಕಿನ ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಹೋಗಿ ಒಂದು ಸರಳ ವಿಚಾರಣೆ ಮಾಡಿದರು. ಹಳ್ಳಿಯ ಜನಕ್ಕೆ ಕಾಯಿಲೆಯ ಅರಿವಿಲ್ಲ, ಅವರನ್ನು ಹುಡುಕಿ ಎಚ್ಚರಿಸಬೇಕು ಎಂಬುದು ಆಗಿನ ಸರ್ವಸಾಮಾನ್ಯ ಭಾವನೆ. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಬೇರೆಯದನ್ನೇ ಹೇಳಿತು. ಕ್ಷಯ ತಗುಲಿದ ಬಹುಪಾಲು ಜನಕ್ಕೆ ತಮಗೆ ಏನೋ ಆಗಿದೆ ಎಂದು ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಜನ ಆಗಲೇ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಕಫ ಪರೀಕ್ಷಿಸದೆ, ಕೆಮ್ಮಿನ ಔಷಧದ ಬಾಟಲಿ ಕೊಟ್ಟು ಕಳಿಸಿದ್ದರು.

ತುಮಕೂರಿನ ಆ ಬಾಟಲಿಯ ಬಗ್ಗೆ ಓದಿದಾಗ ನನಗೆ ನಮ್ಮ ಕಚೇರಿಯ ಕಡತಗಳ ಒಂದು ಪದ ನೆನಪಾಯಿತು: 'ಡಿಫಾಲ್ಟರ್'. ಕಟ್ಟಬೇಕಾದ್ದನ್ನು ಕಟ್ಟದವನಿಗೆ ಬಳಸುವ ಈ ಪದವನ್ನು ಕ್ಷಯ ವಿಭಾಗದ ದಾಖಲೆಗಳು ಚಿಕಿತ್ಸೆ ನಡುವೆ ಬಿಟ್ಟ ರೋಗಿಗೂ ಬಹುಕಾಲ ಬಳಸಿದವು. ಸಾಲಗಾರನಿಗೂ ರೋಗಿಗೂ ಒಂದೇ ಹೆಸರು. ಕೆಮ್ಮಿನ ಬಾಟಲಿ ಕೊಟ್ಟು ಕಳಿಸಿದವರಿಗೆ ಯಾವ ಹೆಸರೂ ಇರಲಿಲ್ಲ.

ತುಮಕೂರಿನ ಪಾಠ, ಮದ್ರಾಸಿನ ಪಾಠ ಎರಡನ್ನೂ ಸೇರಿಸಿ 1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಶುರುವಾಯಿತು. ಕಾಗದದ ಮೇಲೆ ಅದು ತನ್ನ ಕಾಲಕ್ಕಿಂತ ಮುಂದಿತ್ತು. 1960ರ ದಶಕದಲ್ಲಿ ಇನ್ನೊಂದು ದೊಡ್ಡ ಅಸ್ತ್ರವೂ ಬಂತು: ರಿಫಾಂಪಿಸಿನ್. ಫ್ರಾನ್ಸಿನ ಒಂದು ಪೈನ್ ಕಾಡಿನ ಮಣ್ಣಿನಿಂದ ಮಿಲಾನ್ ನಗರದ ವಿಜ್ಞಾನಿಗಳು ಪಡೆದ ಮೂಲವಸ್ತುವಿಗೆ ಆಗ ಜನಪ್ರಿಯವಾಗಿದ್ದ 'ರಿಫಿಫಿ' ಎಂಬ ಫ್ರೆಂಚ್ ಸಿನಿಮಾದ ಹೆಸರನ್ನು ಅಡ್ಡಹೆಸರಾಗಿ ಇಟ್ಟದ್ದೇ ಮುಂದೆ ಔಷಧದ ಹೆಸರಾಯಿತು. ಒಂದೂವರೆ ಎರಡು ವರ್ಷದ ಚಿಕಿತ್ಸೆ ಇದರಿಂದಾಗಿ ಕ್ರಮೇಣ ಆರು ತಿಂಗಳಿಗೆ ಇಳಿಯಿತು. ಶ್ರೀಮಂತ ದೇಶಗಳು ಕ್ಷಯವನ್ನು ಮರೆತವು. ಹೊಸ ಔಷಧ ಹುಡುಕುವ ಕೆಲಸ ನಾಲ್ಕು ದಶಕ ಬಹುತೇಕ ನಿಂತೇಹೋಯಿತು.

ನಮ್ಮಲ್ಲಿ ಏನಾಯಿತು? 1992ರಲ್ಲಿ ಸರ್ಕಾರ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಕಾರ್ಯಕ್ರಮವನ್ನು ಪರಿಶೀಲಿಸಿದಾಗ ಔಷಧಕ್ಕೆ ಹಣ ಸಾಲದು, ಸರಬರಾಜು ನಿಯತವಲ್ಲ, ಚಿಕಿತ್ಸೆ ಮುಗಿಸುತ್ತಿದ್ದವರು ನೂರಕ್ಕೆ ನಲವತ್ತಕ್ಕಿಂತ ಕಡಿಮೆ ಎಂದು ಕಂಡುಬಂತು. ಕೊಡುವ ಕಿಟಕಿಯಲ್ಲೇ ಮಾತ್ರೆ ಇಲ್ಲದಿದ್ದರೆ ನುಂಗುವವನ ಶಿಸ್ತಿನ ಮಾತೆಲ್ಲಿ? ಖಾಸಗಿ ವೈದ್ಯರ ಕಡೆ ನೋಡೋಣ. ಮುಂಬಯಿಯಲ್ಲಿ 1990ರ ಸುಮಾರಿಗೆ ನಡೆದ ಒಂದು ಅಧ್ಯಯನದಲ್ಲಿ 100 ವೈದ್ಯರು ಕ್ಷಯಕ್ಕೆ 80 ಬಗೆಯ ಚಿಕಿತ್ಸೆ ಬರೆದರು. ಎರಡು ದಶಕದ ನಂತರ ಧಾರಾವಿಯಲ್ಲಿ ಅದೇ ಪ್ರಶ್ನೆ ಕೇಳಿದಾಗ 106 ವೈದ್ಯರು 63 ಬಗೆ ಬರೆದರು. ಸರಿಯಾಗಿ ಬರೆದವರು 6 ಮಂದಿ.

ಇನ್ನು ಆ ಎರಡನೆಯ ನಿಯಮದ ಮಾತು. 1990ರ ದಶಕದಲ್ಲಿ ಡಾಟ್ಸ್ ಪದ್ಧತಿಯಡಿ ಕಾರ್ಯಕ್ರಮವನ್ನು ಪುನರ್ರಚಿಸಿದರು. ಅದು ಲಕ್ಷಾಂತರ ಜೀವ ಉಳಿಸಿತು, ಅದರಲ್ಲಿ ಸಂದೇಹವಿಲ್ಲ. ಆದರೆ ಒಮ್ಮೆ ಚಿಕಿತ್ಸೆ ಪಡೆದು ಕಾಯಿಲೆ ಮರಳಿದವರಿಗೆ 'ಎರಡನೆಯ ವರ್ಗ' ಎಂಬ ಚಿಕಿತ್ಸೆಯಿತ್ತು. ಮೊದಲು ಕೊಟ್ಟ ಅವೇ ಔಷಧಗಳ ಜತೆಗೆ ಒಂದೇ ಒಂದು ಹೊಸ ಔಷಧ. ಅದು ಯಾವುದು? 1943ರ ಅದೇ ಸ್ಟ್ರೆಪ್ಟೊಮೈಸಿನ್. ರೋಗಾಣುಗಳು ಹಳೆಯ ಔಷಧಗಳಿಗೆ ಆಗಲೇ ಬಗ್ಗದಂತಾಗಿದ್ದವರಲ್ಲಿ ಇದು 1948ರ ವಾರ್ಡಿನ ಪುನರಾವರ್ತನೆ: ಒಂದು ಮದ್ದು, ಒಂಟಿಯಾಗಿ. ಯಾವ ಔಷಧ ಕೆಲಸ ಮಾಡುತ್ತದೆಂದು ಪರೀಕ್ಷಿಸುವ ಪ್ರಯೋಗಾಲಯಗಳು ಸಾಕಷ್ಟಿರಲಿಲ್ಲ ಎಂಬುದು ಕಾರಣ. ವಿಶ್ವ ಆರೋಗ್ಯ ಸಂಸ್ಥೆ ಈ ಚಿಕಿತ್ಸೆಯನ್ನು ಕೈಬಿಡಲು ಹೇಳಿದ್ದು 2017ರಲ್ಲಿ.

ಹೀಗೆ ಬೆಳೆದ ಬೆಳೆ ಕೊಯ್ಲಿಗೆ ಬಂತು. ಐಸೋನಿಯಜಿಡ್ ಮತ್ತು ರಿಫಾಂಪಿಸಿನ್ ಎರಡಕ್ಕೂ ಬಗ್ಗದ ಕ್ಷಯವನ್ನು ಬಹುಔಷಧ ನಿರೋಧಕ ಕ್ಷಯ ಎನ್ನುತ್ತಾರೆ. 2006ರಲ್ಲಿ ದಕ್ಷಿಣ ಆಫ್ರಿಕದ ಟುಗೇಲಾ ಫೆರಿ ಎಂಬ ಹಳ್ಳಿಗಾಡಿನಿಂದ ಅದಕ್ಕೂ ಮೀರಿದ ಸುದ್ದಿ ಬಂತು: ಇನ್ನೂ ಹೆಚ್ಚಿನ ಔಷಧಗಳಿಗೆ ಬಗ್ಗದ ಕ್ಷಯದ 53 ರೋಗಿಗಳಲ್ಲಿ 52 ಜನ ಸತ್ತಿದ್ದರು. 2011ರ ಕೊನೆಯಲ್ಲಿ ಮುಂಬಯಿಯ ಹಿಂದೂಜಾ ಆಸ್ಪತ್ರೆಯ ಜರೀರ್ ಉದ್ವಾಡಿಯಾ ಮತ್ತು ಸಂಗಡಿಗರು ಪರೀಕ್ಷಿಸಿದ ಯಾವ ಔಷಧಕ್ಕೂ ಬಗ್ಗದ ನಾಲ್ಕು ಪ್ರಕರಣಗಳನ್ನು ವರದಿ ಮಾಡಿದರು. ಅಂಥ ಕಾಯಿಲೆಗೆ ಏನು ಹೆಸರಿಡಬೇಕು ಎಂಬುದರ ಮೇಲೆ ಸರ್ಕಾರದೊಡನೆ ವಾದ ನಡೆಯಿತು. ಆ ವಾದ ನಡೆಯುವಾಗ ನಾನು ಮುಂಬಯಿಯಲ್ಲೇ ಇದ್ದೆ. ಲೋಕಲ್ ರೈಲಿನಲ್ಲಿ ಯಾರಾದರೂ ಕೆಮ್ಮಿದರೆ ಜನ ಪತ್ರಿಕೆಯಿಂದ ತಲೆಯೆತ್ತಿ ನೋಡುತ್ತಿದ್ದ ಆ ದಿನಗಳು ನೆನಪಿವೆ.

ಇಂಥ ರೋಗಿಗಳಿಗೆ ಆಗ ಇದ್ದ ಚಿಕಿತ್ಸೆ ಎರಡು ವರ್ಷದ್ದು. ತಿಂಗಳುಗಟ್ಟಲೆ ದಿನವೂ ಇಂಜಕ್ಷನ್. ಕೆನಮೈಸಿನ್‌ನಂಥ ಆ ಸೂಜಿಮದ್ದುಗಳು ಸ್ಟ್ರೆಪ್ಟೊಮೈಸಿನ್ನಿನ ದಾಯಾದಿಗಳು, ಕಿವಿಯ ನರವನ್ನು ಸುಡಬಲ್ಲವು. ಮುಂಬಯಿಯ ಪತ್ರಕರ್ತೆ ನಂದಿತಾ ವೆಂಕಟೇಶನ್ ಕ್ಷಯದಿಂದ ಬದುಕಿದರು, ಕಿವಿ ಕಳೆದುಕೊಂಡರು. ದಕ್ಷಿಣ ಆಫ್ರಿಕದ ಫುಮೇಜಾ ಟಿಸಿಲೆಯ ಕಥೆಯೂ ಅದೇ.

2012ರ ಡಿಸೆಂಬರಿನಲ್ಲಿ ಅಮೆರಿಕ ಬೆಡಾಕ್ವಿಲಿನ್ ಎಂಬ ಔಷಧಕ್ಕೆ ಮಂಜೂರಾತಿ ಕೊಟ್ಟಿತು. ನಲವತ್ತು ವರ್ಷಗಳಲ್ಲಿ ಕ್ಷಯಕ್ಕಾಗಿ ಬಂದ ಮೊದಲ ಹೊಸ ಬಗೆಯ ಔಷಧ ಅದು. ಬೆಲ್ಜಿಯಮ್ಮಿನ ಕೋಯೆನ್ ಆಂಡ್ರೀಸ್ ನೇತೃತ್ವದ ತಂಡ ಕಂಡುಕೊಂಡ ಈ ಮದ್ದು ರೋಗಾಣುವಿನ ಶಕ್ತಿ ಉತ್ಪಾದನೆಯ ಯಂತ್ರವನ್ನೇ ನಿಲ್ಲಿಸುತ್ತದೆ. ಹಿಂದಿನ ಯಾವ ಔಷಧವೂ ಆ ಕೀಲಿಗೆ ಕೈ ಹಾಕಿರಲಿಲ್ಲ. ಆದ್ದರಿಂದ ರೋಗಾಣುವಿಗೆ ಅದರ ಅಭ್ಯಾಸವಿರಲಿಲ್ಲ. ಭಾರತದಲ್ಲಿ 2016ರಲ್ಲಿ ಆಯ್ದ ಆರು ಕೇಂದ್ರಗಳಲ್ಲಿ ಮಾತ್ರ ಕೊಡತೊಡಗಿದರು. ಒಂಟಿಯಾಗಿ, ಅಡ್ಡಾದಿಡ್ಡಿಯಾಗಿ ಬಳಸಿ ಇದನ್ನೂ ಕಳೆದುಕೊಂಡರೆ ಎಂಬ ಭಯ. ಭಯಕ್ಕೆ ಆಧಾರವಿತ್ತು. ಆದರೆ ಜೋಪಾನ ಮಾಡುವ ಭರದಲ್ಲಿ ಮದ್ದು ಬೀಗದ ಒಳಗೆ, ರೋಗಿ ಹೊರಗೆ ಎಂಬಂತಾಯಿತು.

ಪಟ್ನಾದ ಹದಿನೆಂಟು ವರ್ಷದ ಹುಡುಗಿಯೊಬ್ಬಳಿಗೆ ದೆಹಲಿಯಲ್ಲಿ ಈ ಔಷಧ ಸಿಗಲಿಲ್ಲ. ಆಕೆ ದೆಹಲಿಯ ನಿವಾಸಿಯಲ್ಲ ಎಂಬುದು ಎದುರಾದ ಅಡ್ಡಿಗಳಲ್ಲಿ ಒಂದು. ತಂದೆ ದೆಹಲಿ ಉಚ್ಚ ನ್ಯಾಯಾಲಯಕ್ಕೆ ಹೋದರು. 2017ರ ಜನವರಿಯಲ್ಲಿ ಔಷಧ ಸಿಗುವಂತಾಯಿತು. ಅಷ್ಟರಲ್ಲಿ ಅವಳ ಶ್ವಾಸಕೋಶ ಬಹಳ ಹಾಳಾಗಿತ್ತು, ಮರುವರ್ಷ ತೀರಿಕೊಂಡಳು. ಮನೆ ಬಾಡಿಗೆ ಕರಾರು, ಪಡಿತರ ಚೀಟಿ, ಮಕ್ಕಳ ಶಾಲೆಯ ಅರ್ಜಿ ಹಿಡಿದು 'ನೀವು ಇಲ್ಲಿನವರೇ?' ಎಂಬ ಪ್ರಶ್ನೆಗೆ ಉತ್ತರಿಸುತ್ತ ಬದುಕುವ ನಮಗೆ, ಹೊರನಾಡಿಗರಿಗೆ, ಈ ಪ್ರಕರಣದ ಆ ಒಂದು ಸಾಲು ಓದುವುದು ಕಷ್ಟ. ರೋಗಾಣು ಯಾವ ನಿಲ್ದಾಣದಲ್ಲೂ ವಿಳಾಸದ ಪುರಾವೆ ಕೇಳುವುದಿಲ್ಲ.

ಮುಂದಿನ ಅಧ್ಯಾಯ ತುಸು ಬೆಳಕಿನದು. ದಕ್ಷಿಣ ಆಫ್ರಿಕದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಬೆಡಾಕ್ವಿಲಿನ್, ಪ್ರೆಟೊಮನಿಡ್ ಮತ್ತು ಲಿನೆಜೊಲಿಡ್ ಎಂಬ ಮೂರು ಔಷಧಗಳನ್ನು ಬಾಯಿಂದಲೇ ಆರು ತಿಂಗಳು ಕೊಟ್ಟಾಗ ಅತಿ ಕಠಿಣ ಕ್ಷಯದ 109 ರೋಗಿಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಒಳ್ಳೆಯದಾಯಿತು. ಟುಗೇಲಾ ಫೆರಿಯ ದೇಶದಲ್ಲೇ ಇದು ನಡೆಯಿತು. ನಾಲ್ಕನೆಯದಾಗಿ ಮಾಕ್ಸಿಫ್ಲಾಕ್ಸಸಿನ್ ಸೇರಿಸಿದ ಚಿಕಿತ್ಸೆಯನ್ನು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿತು. 2024ರಲ್ಲಿ ಭಾರತವೂ ಒಪ್ಪಿಕೊಂಡಿತು. ಬೆಡಾಕ್ವಿಲಿನ್ನಿನ ಏಕಸ್ವಾಮ್ಯವನ್ನು ಇನ್ನೂ ನಾಲ್ಕು ವರ್ಷ ಮುಂದುವರಿಸಲು ಕಂಪನಿ ಹಾಕಿದ್ದ ಪೇಟೆಂಟ್ ಅರ್ಜಿಯನ್ನು ವಿರೋಧಿಸಿದವರು ಕಿವಿ ಕಳೆದುಕೊಂಡ ಆ ಇಬ್ಬರು ಹೆಣ್ಣುಮಕ್ಕಳು, ನಂದಿತಾ ಮತ್ತು ಫುಮೇಜಾ. 2023ರ ಮಾರ್ಚಿಯಲ್ಲಿ ಭಾರತದ ಪೇಟೆಂಟ್ ಕಚೇರಿ ಆ ಅರ್ಜಿಯನ್ನು ತಿರಸ್ಕರಿಸಿತು. ಮಿತಬೆಲೆಯ ತಯಾರಿಕೆಗೆ ದಾರಿ ತೆರೆಯಿತು.

ಆದರೂ ಲೆಕ್ಕ ಹಳೆಯದೇ. ಬೆಡಾಕ್ವಿಲಿನ್ನಿಗೆ ಬಗ್ಗದ ರೋಗಾಣುಗಳು ಆಗಲೇ ಕಾಣಿಸಿಕೊಂಡಿವೆ. ಪ್ರಪಂಚದ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು. ಮದ್ದನ್ನು ಉಳಿಸಿಕೊಳ್ಳುವುದೆಂದರೆ ಅದನ್ನು ಮುಚ್ಚಿಡುವುದಲ್ಲ, ಜತೆಗಾರ ಮದ್ದುಗಳೊಂದಿಗೆ ಬೇಕಾದವರಿಗೆ ಬೇಕಾದ ಹೊತ್ತಿಗೆ ಪೂರ್ತಿಯಾಗಿ ತಲುಪಿಸುವುದು ಎಂಬುದೇ ಈ ಎಂಬತ್ತು ವರ್ಷಗಳ ಚರಿತ್ರೆಯಿಂದ ನಾನು ತಿಳಿದುಕೊಂಡದ್ದು.

ಇದನ್ನೆಲ್ಲ ಓದಿಕೊಂಡು ಕಳೆದ ಬಾರಿ ಊರಿಗೆ ಹೋದಾಗ ಎಂಬತ್ತು ದಾಟಿದ ದೊಡ್ಡತ್ತೆಯ ಬಳಿ ಕುಳಿತು ಹೇಳಿದೆ. ಚಿಕ್ಕಜ್ಜನಿಗೆ ಒಂದೇ ಇಂಜಕ್ಷನ್ ಕೊಟ್ಟಿರಬಹುದು, ಜತೆಗೆ ಮಾತ್ರೆ ಕೊಟ್ಟಿರಲಿಕ್ಕಿಲ್ಲ, ಹಾಗಿದ್ದರೆ ಪೂರ್ತಿ ತೆಗೆದುಕೊಂಡಿದ್ದರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದೆ. ಆಕೆ ಎಲ್ಲ ಕೇಳಿಸಿಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಆ ವರ್ಷ ಎರಡು ತಿಂಗಳು ಬೊಂಬಾಯಿಯಿಂದ ಮನಿಯಾರ್ಡರ್ ಬರಲಿಲ್ಲ. ಅಪ್ಪಯ್ಯ ಕಾಗದ ಬರೆದರು. ಮೂರನೇ ತಿಂಗಳಿಂದ ಮತ್ತೆ ಬರೂಕೆ ಶುರುವಾಯ್ತು."

ಅವರು ಇಂಜಕ್ಷನ್ ತೆಗೆದುಕೊಂಡದ್ದು ಎಷ್ಟು ತಿಂಗಳು ಎಂದು ನಾನು ಕೇಳಲಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ ಅದು. ಎರಡು ತಿಂಗಳು.